ಇರುವೆ ಹತ್ತದ ಡಬ್ಬ

ಅಕ್ಕಾ,
ನಿನ್ನ ಮಗ ನನ್ನಲ್ಲಿಗೆ ಬಂದು ಎಂಟು ತಿಂಗಳು.
ಮೀಸೆ ಚಿಗುರಿದೆ. ದನಿ ಒಡೆದಿದೆ.
ಒಡೆದ ದನಿಯಲ್ಲೂ ಹೆಚ್ಚಾಗಿ ಒಂದೇ ಮಾತು:
'ತಪ್ಪಾಯ್ತು ಮಾವಶಿ.'

ಲೋಟ ಬಿದ್ದದ್ದು ನನ್ನ ಕೈಯಿಂದ,
ತಪ್ಪಾಯ್ತು ಅಂದವನು ಅವನು.
ಕರೆಂಟು ಹೋದರೂ ತಪ್ಪಾಯ್ತು,
ಬೈತಖೋಲಕ್ಕೆ ಬೋಟು ಖಾಲಿ ಬಂದರೂ.
ಹದಿನೈದು ವರ್ಷದವನ ಬಾಯಲ್ಲಿ
ಈ ಊರಿನ ತಪ್ಪೆಲ್ಲ ಹೇಗೆ ಬಂದು ಕೂತವು?

ಅವನಿಗೊಂದು ವಿದ್ಯೆ ಗೊತ್ತು.
ಕಿಟಕಿಯ ಕಡೆ ನೋಡದೆಯೇ ಹೇಳುತ್ತಾನೆ:
ಇಳಿಜಾರು ಇಳಿಯುತ್ತಿರುವುದು ಶೇವಂತಿಬಾಯಿ, ಎಡಗಾಲು ಎಳೆಯುತ್ತಾಳೆ;
ಇದು ಐಸ್ ಫ್ಯಾಕ್ಟರಿಯ ದೇವಿದಾಸ, ಕುಡಿದಿಲ್ಲ;
ಇದೂ ದೇವಿದಾಸನೇ, ಕುಡಿದಿದ್ದಾನೆ.
ಓಣಿಯ ಹುಡುಗರು ಆಟ ಅಂದುಕೊಂಡು
ಪಂಥ ಕಟ್ಟುತ್ತಾರೆ. ಅವನು ಸೋತದ್ದಿಲ್ಲ.
ಗಾಳಿ ತಿರುಗುವ ಮೊದಲೇ ತಾಂಡೇಲ ಮೂಗೆತ್ತುವ ಹಾಗೆ
ಯಾವುದೋ ಚಪ್ಪಲಿ ಅಂಗಳಕ್ಕೆ ಬರುವ ಮೊದಲೇ
ಅವನ ಭುಜ ಕಿವಿಯ ಹತ್ತಿರ ಬಂದಿರುತ್ತದೆ.

ಶಾಲೆಯಲ್ಲಿ ಬೇರೆಯೇ ಹುಡುಗ.
ಗಾಂವಕರ ಮಾಸ್ತರರು ಕರೆಸಿದ್ದರು.
ಬೆನ್ನು ತಟ್ಟಲು ಕೈ ಎತ್ತಿದ್ದಷ್ಟೇ ಅಂತೆ,
ಇವನು ಬೆಂಚು ದೂಡಿ, ಒಬ್ಬನ ತುಟಿ ಒಡೆದು,
ಆಮೇಲೆ ಮೂರು ತಾಸು
ನೀರಿನ ಟಾಕಿಯ ಹಿಂದೆ ಕೂತಿದ್ದ.
'ಒಳ್ಳೆಯ ಹುಡುಗ, ಲೆಕ್ಕದಲ್ಲಿ ಜೋರು, ಆದರೆ...' ಅಂದರು.
ಆ 'ಆದರೆ'ಯನ್ನು ಸೆರಗಿಗೆ ಕಟ್ಟಿಕೊಂಡು
ಸಿವಿಲ್ ಆಸ್ಪತ್ರೆಗೆ ಹೋದೆ.
ಡಾಕ್ಟರಬಾಯಿ ಒಂದು ಉದ್ದ ಹೆಸರು ಬರೆದುಕೊಟ್ಟಳು.
ಮೀನಿನ ಲೆಕ್ಕದ ವಹಿಯೊಳಗೆ ಇಟ್ಟಿದ್ದೇನೆ.
ಓದಲು ಬಾರದೆ ಅಲ್ಲ,
ಓದಿದರೆ ನಮ್ಮಿಬ್ಬರ ಹೆಸರೂ ಅದರಲ್ಲಿ ಕಂಡೀತು ಅಂತ.

ಮೀನುಗಾರಿಕೆ ಬಂದ್ ಆದ ವಾರ
ಅವನ ಹಾಸಿಗೆಯ ಕೆಳಗಿಂದ ಇರುವೆ ಸಾಲು ಹೊರಟಿತು.
ಎತ್ತಿ ನೋಡಿದೆ:
ಅರ್ಧ ಚಪಾತಿ, ನಾಲ್ಕು ಬಿಸ್ಕೀಟು,
ಪೇಪರಿನಲ್ಲಿ ಸುತ್ತಿದ ಒಣ ಬಂಗಡೆಯ ಬಾಲ,
ಸಂಕ್ರಾಂತಿಯದೇ ಇರಬೇಕು, ಕಲ್ಲಾದ ಎಳ್ಳುಂಡೆ.
ನನ್ನ ಮನೆಯಲ್ಲಿ ಎಂದಾದರೂ ಅವನ ತಟ್ಟೆ ಎಳೆದಿದ್ದೇನೆಯೇ?
ಕೋಪ ಬಂತು. ಸುಳ್ಳು ಹೇಳಲಾರೆ, ಕೈಯೂ ಎದ್ದಿತು.
ಅವನು ಬಾಗಿಲಲ್ಲಿದ್ದ.
ಓಡಲಿಲ್ಲ.
ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಕುತ್ತಿಗೆ ಬಗ್ಗಿಸಿ ನಿಂತ,
ಬಸ್ಸಿನಲ್ಲಿ ಪಾಸು ತೋರಿಸುವಷ್ಟು ಅಭ್ಯಾಸದಿಂದ.

ಎತ್ತಿದ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ ಅಕ್ಕಾ.
ಸೆರಗಿನಲ್ಲಿ ಸುತ್ತಿಕೊಂಡೆ.

ನೆನಪಿದೆಯೇ ಕೋಡಿಬಾಗದ ಮನೆ,
ಬಲೆಯ ರಾಶಿಯ ಹಿಂದೆ ನಾವಿಬ್ಬರು,
ಬಾಬಾನ ಹೆಜ್ಜೆ ಎಣಿಸುತ್ತ, ಉಸಿರು ಹಿಡಿದು,
ನನ್ನ ಬಾಯಿ ಮೇಲೆ ನಿನ್ನ ಅಂಗೈ.
ನಿನಗಾಗ ಹತ್ತು ವರ್ಷ. ಎಷ್ಟು ಮೆತ್ತಗಿತ್ತು ಆ ಅಂಗೈ.
ಅದೇ ಅಂಗೈ ಇವನನ್ನು...
ಇರಲಿ.
ಎರಡು ವರ್ಷದ ಹಿಂದೆ ಚೌತಿಗೆ ಬಂದಾಗ
ಇವನ ಮೊಣಕೈ ಮೇಲಿನ ಗುರುತು ನೋಡಿದ್ದೆ ನಾನು.
'ಗಂಡು ಹುಡುಗರು, ಬೀಳ್ತಾರೆ' ಅಂದೆ,
ಇನ್ನೊಂದು ಮೋದಕ ಹಾಕಿಸಿಕೊಂಡೆ.
ಬಿದ್ದರೆ ಸುಡುವುದಿಲ್ಲ ಅಂತ ನನಗೆ ಗೊತ್ತಿತ್ತು.

ಮರುದಿನ ಪೇಟೆಯಿಂದ ಒಂದು ಡಬ್ಬ ತಂದೆ,
ತಿರುಪಿನ ಮುಚ್ಚಳದ್ದು, ಇರುವೆ ಹತ್ತದ್ದು.
ಬಿಸ್ಕೀಟು, ಅವಲಕ್ಕಿ, ಹುರಿದ ಒಣ ಶೆಟ್ಲಿ
ಬೇರೆ ಬೇರೆ ಪೊಟ್ಟಣ ಕಟ್ಟಿ ತುಂಬಿ
ಅವನ ದಿಂಬಿನ ಬದಿಗಿಟ್ಟೆ.
ಏನೂ ಹೇಳಲಿಲ್ಲ. ಹೇಳಲು ಬರುತ್ತಿದ್ದರೆ
ಈ ಪತ್ರವನ್ನು ಎರಡು ವರ್ಷ ಮೊದಲೇ ಬರೆಯುತ್ತಿದ್ದೆ.

ಒಂದು ವಾರ ಅದನ್ನು ಮುಟ್ಟಲಿಲ್ಲ.
ಆಮೇಲೆ ರಾತ್ರಿ ಮುಚ್ಚಳ ತಿರುಗುವ ಸದ್ದು,
ನಾಲ್ಕು ಸಲ, ಐದು ಸಲ.
ತಿನ್ನುವುದಕ್ಕಲ್ಲ. ಇದೆಯೋ ಇಲ್ಲವೋ ನೋಡುವುದಕ್ಕೆ.
ನಾನೂ ಕತ್ತಲಲ್ಲಿ ಎಣಿಸುತ್ತ ಮಲಗಿರುತ್ತೇನೆ.
ಹಳೆಯ ವಿದ್ಯೆ, ಮರೆತಿಲ್ಲ.

ನಿನ್ನೆ ಎರಡೇ ಸಲ.

ನೀನು ಬರುವುದಾದರೆ ಬಾ, ಬೇಡ ಅನ್ನಲಾರೆ.
ಆದರೆ ಇಳಿಜಾರಿನ ತಲೆಯಲ್ಲೇ ನಿಂತು
'ಪ್ರಥಮೇಶಾ' ಅಂತ ಹೆಸರು ಹಿಡಿದು ಕೂಗು.
ಅವನು ಓಗೊಟ್ಟರೆ ಇಳಿ.
ನಿನ್ನ ಚಪ್ಪಲಿಯ ಸದ್ದು ಮಾತ್ರ
ನಿನಗಿಂತ ಮೊದಲು ಬರುವುದು ಬೇಡ.